ಬಿಪಿ ಸರಿಯಿದೆ, ನಾಡಿ ಮಾತ್ರ ಜೋರು

"ಬಿಪಿ ಸರಿಯಾಗೇ ಇದೆ. ನಾಡಿ ಮಾತ್ರ ಯಾಕೋ ಓಡ್ತಾ ಇದೆ," ಎಂದು ಅವನು ಮತ್ತೊಮ್ಮೆ ಅವಳ ಮಣಿಕಟ್ಟು ಹಿಡಿದ.

ಅವನು ಕ್ಲಿನಿಕ್ಕಿನ ನರ್ಸ್. ಎಲ್ಲರೂ ‘ಬ್ರದರ್’ ಅಂತ ಕರೆಯುತ್ತಿದ್ದರು. ಟೈಲರ್ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅವಳಿಗೆ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ.

"ಜ್ವರ ಇತ್ತಾ? ಕಾಫಿ ಜಾಸ್ತಿನಾ? ನೀರು ಸರಿಯಾಗಿ ಕುಡೀತೀರಾ? ನಿದ್ದೆ?"

"ನಿದ್ದೆ ಎಲ್ಲಿಂದ ಬರಬೇಕು?" ಪಕ್ಕದ ಬೆಂಚಿನಿಂದ ಅತ್ತೆ ಹೇಳಿದರು. "ನನ್ನ ಮಗ ಎದೆ ನಿಂತು ಮಲಗಿದ್ದಲ್ಲೇ ಹೋಗಿಬಿಟ್ಟ. ಅವತ್ತಿಂದ ಇವಳು ಎದೆ ಮೇಲೆ ಕೈ ಇಟ್ಕೊಂಡೇ ಮಲಗ್ತಾಳೆ."

ಅವನು ಬಿಪಿ ನೋಡಲು ಸುತ್ತಿದ್ದ ತೋಳಿನ ಪಟ್ಟಿಯನ್ನು ತುಂಬಾ ಮೆಲ್ಲಗೆ ಬಿಚ್ಚಿದ.

ರಕ್ತ ಪರೀಕ್ಷೆಯಾಯಿತು. ರಕ್ತ ಕಡಿಮೆ ಇರಲಿಲ್ಲ. "ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಿದೆ, ಅದಕ್ಕೇ ಹೃದಯ ಓಡ್ತಿರೋದು. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ," ಎಂದರು ಡಾಕ್ಟರು.

ಸಾಯುವುದಿಲ್ಲ ಅಂತ ಗೊತ್ತಾದ ಸಮಾಧಾನದ ಒಳಗೇ ಒಂದು ಸಣ್ಣ ನಿರಾಸೆ. ಹಾಗಾದರೆ ಅವನು ಕೈ ಹಿಡಿದಾಗಿನ ಆ ಡವಡವ ಬರೀ ಕಾಯಿಲೆಯಾ?

ತಿಂಗಳುಗಳು ಕಳೆದವು. ಪ್ರತಿ ಸಲವೂ ಅವನೇ ನಾಡಿ ನೋಡುತ್ತಿದ್ದ.

"ಓಡ್ಕೊಂಡು ಬಂದ್ರಾ ಇವತ್ತು?"

"ಇಲ್ಲಪ್ಪ, ನಿಧಾನಕ್ಕೇ ಬಂದೆ."

"ಸುಳ್ಳು. ಕೆನ್ನೆ ಕೆಂಪಾಗಿದೆ."

ಅವಳು ನಕ್ಕಳು. ಮರುಕ್ಷಣ ಅತ್ತೆಯ ಕಡೆ ನೋಡಿ ತುಟಿ ಬಿಗಿದಳು. ನಗು ಬಂದಿದ್ದಕ್ಕೇ ನಾಚಿಕೆಯಾಯಿತು.

ಮಂಜು ಮುಸುಕಿದ ಒಂದು ಬೆಳಗ್ಗೆ ಅವನು ಹೇಳಿದ, "ನಾಡಿ ಸರಿಯಾಗಿದೆ." ದನಿಯಲ್ಲಿ ಖುಷಿಯಿರಲಿಲ್ಲ. ಕೈಯನ್ನೂ ಬಿಡಲಿಲ್ಲ. "ಇನ್ನು ಪದೇ ಪದೇ ಬರಬೇಕಾಗಿಲ್ಲ. ಆದ್ರೆ... ಬರದೇ ಇರಬೇಡಿ. ನಂಗೆ ನೀವು ಬೇಕು."

ಅವಳ ಎದೆ ಹೊಡೆದುಕೊಳ್ಳಲಿಲ್ಲ. ಆದರೂ ಕೈ ಎಳೆದುಕೊಳ್ಳುವುದು ಕಷ್ಟವಾಯಿತು.

"ಅತ್ತೆಗೆ ನಾನು ಬಿಟ್ರೆ ಯಾರೂ ಇಲ್ಲ," ಎಂದು ಎದ್ದು ಹೊರಟಳು.

ಬೀದಿಗಿಳಿದ ಮೇಲೆ ಅತ್ತೆ ತಟ್ಟನೆ ನಿಂತರು. "ನನ್ನ ನೆಪ ಹೇಳಿ ಬಂದೆಯಲ್ಲ? ನನ್ನ ಕಿವಿ ಇನ್ನೂ ಚೆನ್ನಾಗೇ ಇದೆ ಕಣೇ."

"ಅತ್ತೆ..."

"ನನ್ನ ಮಗನಿಗೆ ಅಳೋಕೆ ನಾನಿದೀನಿ. ಇಬ್ಬರೂ ಅಳ್ತಾ ಕೂತ್ಕೊಂಡ್ರೆ ಮನೇಲಿ ದೀಪ ಹಚ್ಚೋರು ಯಾರು? ಹೋಗು, ಹೂಂ ಅಂದು ಬಾ."

ಅವಳು ಕ್ಲಿನಿಕ್ಕಿನ ಬಾಗಿಲಿನವರೆಗೂ ಹೋಗಿ ತಿರುಗಿ ನೋಡಿದಳು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಮಗ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಅವಳು ಓಡಿಬಂದು ತಬ್ಬಿಕೊಂಡಳು.

ಬಾಗಿಲು ತೆರೆದು ಅವನೂ ಹೊರಗೆ ಬಂದ. ಏನೂ ಕೇಳದೆ ಅತ್ತೆಯ ಇನ್ನೊಂದು ತೋಳು ಹಿಡಿದುಕೊಂಡ.

ಅತ್ತೆಯ ತಲೆಯ ಮೇಲಿಂದ ಅವನನ್ನೇ ನೋಡುತ್ತಾ, ಕಣ್ಣು ಒರೆಸಿಕೊಳ್ಳದೆಯೇ, ಅವಳು "ಹೂಂ" ಎಂದಳು.