ಮಣ್ಣಿಗೂ ಉಸಿರು ಬೇಕು

"ರೀ, ನಿಲ್ಸಿ! ಏನ್ರೀ ಅದು ಸುರೀತಿರೋದು?"

ನರ್ಸರಿಯವನು ಕೈಯಲ್ಲಿದ್ದ ಗಿಡ ಬಿಟ್ಟು ಓಡಿದ. ಪಕ್ಕದ ಪೆಟ್ರೋಲ್ ಬಂಕ್ ಮುಚ್ಚಿ ವರ್ಷವಾಗಿತ್ತು. ಅದರ ನೆಲದಡಿಯ ಟ್ಯಾಂಕಿನಿಂದ ಸೋರಿದ ಡೀಸೆಲ್ ಇವನ ಹಿತ್ತಲಿಗೂ ಇಳಿದು, ಅಲ್ಲಿ ಹುಲ್ಲುಕಡ್ಡಿಯೂ ಏಳುತ್ತಿರಲಿಲ್ಲ. ಈಗ ಯಾರೋ ಹೆಂಗಸು ಕ್ಯಾನಿನಿಂದ ಕಂದುನೀರು ಸುರಿಯುತ್ತಿದ್ದಾಳೆ. ಗಾಯದ ಮೇಲೆ ಬರೆ!

ಆಕೆ ನಿಧಾನವಾಗಿ ತಿರುಗಿದಳು. "ಬ್ಯಾಕ್ಟೀರಿಯಾ. ನಿಮ್ಮ ಮಣ್ಣಲ್ಲೇ ಇದ್ವು, ನಮ್ಮ ಯೂನಿವರ್ಸಿಟಿ ಲ್ಯಾಬಲ್ಲಿ ಬೆಳೆಸಿ ತಂದೆ. ಡೀಸೆಲ್ ತಿಂತಾವೆ. ನಿಮ್ಮಕ್ಕ ಒಪ್ಪಿದ್ದಾರೆ, ಕೇಳಿ."

"ಹೇಳೋಕೆ ಮರೆತೆ ಕಣೋ," ಬಾಗಿಲಲ್ಲಿ ನಿಂತ ಅಕ್ಕ ನಕ್ಕಳು.

ಅವನ ಮುಖ ಇಂಗು ತಿಂದ ಮಂಗನಂತಾಯಿತು.

ಆರು ತಿಂಗಳಲ್ಲಿ ಮಣ್ಣು ಶುದ್ಧವಾಗದಿದ್ದರೆ ಹಿತ್ತಲನ್ನೆಲ್ಲ ಅಗೆದು ಸಾಗಿಸಬೇಕು, ನರ್ಸರಿ ಮುಚ್ಚಬೇಕು ಎಂದು ನಗರಸಭೆಯ ನೋಟಿಸ್ ಬಂದಿತ್ತು. ಪ್ರತಿ ಮಂಗಳವಾರ ಆಕೆ ಬರುತ್ತಿದ್ದಳು. ಅವನು ಮಣ್ಣು ಮಗುಚುತ್ತಿದ್ದ, ಆಕೆ ಹದವಾಗಿ ನೀರು, ಗೊಬ್ಬರ ಕೊಡುತ್ತಿದ್ದಳು.

"ಹುಳದ ಡಾಕ್ಟ್ರೇ, ಊಟ ಆಯ್ತಾ ನಿಮ್ಮ ಹುಳಗಳಿಗೆ?"

"ಹುಳ ಅಲ್ಲ ರೀ! ಅವಕ್ಕೆ ಆಯ್ತು. ನನಗಿನ್ನೂ ಇಲ್ಲ."

ಅವನು ತನ್ನ ಡಬ್ಬಿ ಮುಂದಿಟ್ಟ.

ಡೀಸೆಲ್ ವಾಸನೆ ಕಮ್ಮಿಯಾಯಿತೇ ಎಂದು ಆಕೆ ಕಣ್ಣು ಮುಚ್ಚಿ ಹಿಡಿಮಣ್ಣು ಮೂಸುವುದನ್ನು ಅವನು ಮೈಮರೆತು ನೋಡುತ್ತಿದ್ದ. ಆಕೆ ಒಂದೇ ಕಣ್ಣು ತೆರೆದಳು. "ಮಣ್ಣು ನೋಡಿ. ನನ್ನನ್ನಲ್ಲ."

"ಮಣ್ಣನ್ನೇ ನೋಡ್ತಿದ್ದೆ," ಎಂದ. ಕಿವಿ ಮಾತ್ರ ಕೆಂಪಾಯಿತು.

ನಾಲ್ಕನೇ ತಿಂಗಳು ಮಣ್ಣಿನಲ್ಲಿ ಡೀಸೆಲ್ ಕಡಿಮೆಯಾಗುವುದೇ ನಿಂತುಹೋಯಿತು. ಆಕೆ ಬೋರಲು ಹಾಕಿದ ಕುಂಡದ ಮೇಲೆ ಕುಸಿದು ಕೂತಳು. "ಸೋತೆ ಅನ್ಸುತ್ತೆ. ನಿಮಗೆ ಸುಮ್ನೆ ಆಸೆ ಹುಟ್ಟಿಸಿಬಿಟ್ಟೆ."

ಅವನು ಮೂಲೆಯ ಮಣ್ಣನ್ನು ಹಿಡಿದು ಹಿಂಡಿದ. ನೀರು ತೊಟ್ಟಿಕ್ಕಿತು. "ಇಲ್ಲಿ ನೀರು ನಿಲ್ತಿದೆ. ಗಿಡದ ಬೇರಾಗಿದ್ರೆ ಇಷ್ಟೊತ್ತಿಗೆ ಕೊಳೀತಿತ್ತು. ನಿಮ್ಮವಕ್ಕೆ ಗಾಳಿ ಬೇಡ್ವಾ?"

ಆಕೆ ಚಂಗನೆ ಎದ್ದಳು. "ಬೇಕೇ ಬೇಕು! ಉಸಿರಿಲ್ದೆ ಊಟಾನೇ ಮಾಡಲ್ಲ ಅವು. ನನಗ್ಯಾಕೆ ಹೊಳೀಲಿಲ್ಲ?"

ಮೂರು ದಿನ ಇಬ್ಬರೂ ಸೇರಿ ಕಾಲುವೆ ತೋಡಿದರು, ಒಣಹುಲ್ಲು ಬೆರೆಸಿ ಮಣ್ಣು ಸಡಿಲಿಸಿದರು. ಸೊಂಟ ಬಿದ್ದುಹೋಗುವಷ್ಟು ಕೆಲಸ. ಆದರೂ ಅಷ್ಟು ನಕ್ಕ ದಿನಗಳು ಇಬ್ಬರಿಗೂ ನೆನಪಿರಲಿಲ್ಲ.

ಗಡುವಿಗೆ ಒಂಬತ್ತು ದಿನ ಇರುವಾಗ ಆಕೆ ರಿಪೋರ್ಟ್ ಬೀಸುತ್ತ ಓಡಿಬಂದಳು. "ಪಾಸ್! ನಗರಸಭೇನೂ ಒಪ್ಪಿದೆ!"

ಅಕ್ಕ ಆಕೆಯನ್ನು ತಬ್ಬಿಕೊಂಡು, ತಮ್ಮನ ಮುಖ ನೋಡಿ, ಏನೋ ಕೆಲಸ ನೆನಪಾದವಳಂತೆ ಒಳಹೋದಳು.

"ಹಾಗಾದ್ರೆ ನೀವಿನ್ನು ಮಂಗಳವಾರ ಬರಲ್ಲ," ಎಂದ ಅವನು.

"ಕೆಲಸ ಮುಗೀತಲ್ಲ."

ಅವನು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಮ್ಮನ್ನ ಏನು ಕೇಳ್ಲಿ ಅಂತ ಪ್ರತಿ ಸೋಮವಾರ ಯೋಚಿಸ್ತಿದ್ದೆ. ಮಣ್ಣಿನ ವಿಷಯ ತಿಳ್ಕೊಳ್ಳೋಕಲ್ಲ. ನೀವು ಮಾತಾಡೋದು ಕೇಳೋಕೆ. ನೀವಂದ್ರೆ ನನಗೆ ಇಷ್ಟ."

ಆಕೆಯ ತುಟಿಯಂಚಿನಲ್ಲಿ ನಗು ಮೂಡಿತು. "ಹದಿನೈದು ದಿನಕ್ಕೊಮ್ಮೆ ಬಂದ್ರೆ ಸಾಕಿತ್ತು ನಾನು. ವಾರವಾರ ಬಂದೆ. ಯಾಕೆ ಅಂತ ಕೇಳಲೇ ಇಲ್ಲ ನೀವು!"

ಅವನ ಕಿವಿ ಮತ್ತೆ ಕೆಂಪಾಯಿತು.

"ಇನ್ಮೇಲೆ 'ನೀವು' ಬೇಡ. 'ನೀನು' ಅನ್ನು."

"ನೀ..." ಎಂದು ತಡವರಿಸಿದ. ಆಕೆ ಬಿದ್ದುಬಿದ್ದು ನಕ್ಕಳು. ಮತ್ತೆ ತಡವರಿಸಿದ. ಮೂರನೆಯ ಸಲ, ಆಕೆ ಅವನ ಕೈ ಹಿಡಿದಾಗ, 'ನೀನು' ಸಲೀಸಾಗಿ ಬಂತು.