ಉಸ್ತಾದರ ಎದುರಿಗೆ ಹೇಳ್ರಿ

"ಮೇಲೆ ಬರ್ರಿ."

ಚನ್ನಗಿರಿಯಲ್ಲಿ, ತನಗೆ ಕೆಲಸ ಕಲಿಸಿದ ಉಸ್ತಾದ್ ಜಹಾಂಗೀರ್ ಸಾಬರ ಗ್ಯಾರೇಜಿನಲ್ಲಿ, ಗುಂಡಿಯೊಳಗೆ ನಿಂತು ಜೀಪಿನ ಕೆಳಗೆ ಕೆಲಸ ಮಾಡುತ್ತಿದ್ದ ರುದ್ರಮುನಿ ಆ ದನಿಗೆ ತಲೆಯೆತ್ತಿದ.

ಮೇಲೆ ಸಂಧ್ಯಾರಾಣಿ ನಿಂತಿದ್ದಳು. ಕೈಯಲ್ಲಿ ಕಾರಿನ ಕೀ. ಕಣ್ಣಲ್ಲಿ... ಬೇಡ, ಆ ಕಣ್ಣು ನೋಡಿಯೇ ಅವನ ಸ್ಪ್ಯಾನರ್ ಕೈಜಾರಿತು.

"ನನ್ನ ಗಾಡಿ ಸರಿಯಾಗಿಲ್ಲ ಅಂತ ನಿಮಗೆ ಗೊತ್ತಿತ್ತೋ ಇಲ್ವೋ? ಅಷ್ಟು ಹೇಳ್ರಿ, ಸಾಕು."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಗೊತ್ತಿತ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸಂಧ್ಯಾರಾಣಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಇದ್ದದ್ದು ಒಂದೇ ಹಳೆಯ ಪುಟ್ಟ ಕಾರು. ಇತ್ತೀಚೆಗೆ ಅದರ ಸ್ಟೇರಿಂಗ್ ಎರಡು ಬೆರಳಷ್ಟು ತಿರುಗಿದರೂ ಚಕ್ರ ಕದಲುತ್ತಿರಲಿಲ್ಲ. ನೇರ ರಸ್ತೆಯಲ್ಲೂ ಕಾರು ಆ ಕಡೆ ಈ ಕಡೆ ಎಳೆಯುತ್ತಿತ್ತು. ಸೋಮವಾರ ಇಲ್ಲಿಗೆ ತಂದಾಗ ಜಹಾಂಗೀರ್ ಸಾಬರು ಸ್ಟೇರಿಂಗಿನ ಒಂದು ಬೋಲ್ಟನ್ನು ಬಿಗಿದು, ನಾಲ್ಕು ಗಿರಾಕಿಗಳ ಮುಂದೆ ತೀರ್ಪು ಕೊಟ್ಟಿದ್ದರು. ಗಾಡಿ ಸರಿ ಐತೆ, ಅಮ್ಮಾವರ ಕೈ ಇನ್ನೂ ಪಳಗಬೇಕು!

ಗಿರಾಕಿಗಳು ನಕ್ಕಿದ್ದರು. ಅವಳು ತಿರುಗಿ ನೋಡಿದ್ದು ರುದ್ರಮುನಿಯನ್ನು. ಎರಡು ವರ್ಷದಿಂದ ಅವಳ ಕಾರನ್ನು ತನ್ನದೇ ಎನ್ನುವಂತೆ ನೋಡಿಕೊಂಡವನು, ಅವಳು ಬರುತ್ತಾಳೆಂದರೆ ಸೀಟು ಒರೆಸಿಡುವವನು. ಅವನು ಒಂದು ಮಾತಾಡಬಹುದು ಅಂದುಕೊಂಡಳು. ಅವನು ನೆಲ ನೋಡುತ್ತ ನಿಂತಿದ್ದ.

ಉಸ್ತಾದರ ಮಾತಿಗಿಂತ ಆ ಮೌನವೇ ಅವಳಿಗೆ ಹೆಚ್ಚು ಚುಚ್ಚಿತ್ತು.

ಮಾತು ಊರೆಲ್ಲ ಸುತ್ತಿತು. ಕಲಿಯಲು ಬರುತ್ತಿದ್ದ ಒಂಬತ್ತು ಜನರಲ್ಲಿ ಏಳು ಜನ ಬರುವುದನ್ನೇ ನಿಲ್ಲಿಸಿದರು. ತನ್ನ ಕೈ ಮೇಲೆ ಅವಳಿಗೇ ಅನುಮಾನ ಬಂತು. ನಿನ್ನೆ ಸಂಜೆ ಭದ್ರಾ ಚಾನಲ್ ತಿರುವಿನಲ್ಲಿ ತರಕಾರಿ ವ್ಯಾಪಾರದ ಕಸ್ತೂರಮ್ಮ ಸ್ಟೇರಿಂಗ್ ತಿರುಗಿಸಿ, ಕಲಿಸಿದಂತೆಯೇ ಕೈ ಸಡಿಲ ಬಿಟ್ಟಳು. ಸ್ಟೇರಿಂಗ್ ತಾನಾಗಿ ವಾಪಸು ಬರಬೇಕಿತ್ತು. ಬರಲಿಲ್ಲ. ಕಾರು ಸೀದಾ ಚಾನಲ್ ಏರಿಗೆ ನುಗ್ಗಿತು. ಕಲಿಸುವವರಿಗೆಂದು ತನ್ನ ಕಡೆ ಇದ್ದ ಇನ್ನೊಂದು ಬ್ರೇಕನ್ನು ಸಂಧ್ಯಾರಾಣಿ ತುಳಿಯದಿದ್ದರೆ ಇಬ್ಬರೂ ನೀರಲ್ಲಿ.

ಇಳಿದವಳೇ ಅವಳು ಕಸ್ತೂರಮ್ಮನಿಗೆ ಬಾಯಿಗೆ ಬಂದಂತೆ ಬೈದಿದ್ದಳು. ಕಸ್ತೂರಮ್ಮ ಅಳುತ್ತ ನಡೆದುಕೊಂಡೇ ಮನೆಗೆ ಹೋಗಿದ್ದಳು.

"ಸ್ಟೇರಿಂಗ್ ಮುಂದೆ ಕೂತ್ಕೊಳ್ರಿ," ಎಂದ ರುದ್ರಮುನಿ ಈಗ, ಜೀಪನ್ನು ಸರಿಸಿ ಅವಳ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ. "ಇಂಜಿನ್ ಬ್ಯಾಡ. ಚೂರೇ ಚೂರು ಆ ಕಡೆ ಈ ಕಡೆ ಅಲ್ಲಾಡಿಸ್ರಿ."

ಅವಳು ಅಲ್ಲಾಡಿಸಿದಳು. ಕೆಳಗೆ ಅವನು ಒಂದೊಂದೇ ಕೀಲು ಮುಟ್ಟುತ್ತ ಬಂದ. ಎಡಗಡೆ ಚಕ್ರದ ಹತ್ತಿರ ಅವನ ಕೈ ನಿಂತಿತು.

"ಈಗ ನೀವು ಇಳೀರಿ. ನನ್ನ ಮಾತು ನಂಬಾಕೆ ಹೋಗಬ್ಯಾಡ್ರಿ, ಕೈ ಇಟ್ಟು ನೋಡ್ರಿ."

ಸೀಟಿಗೆ ಅವನು, ಗುಂಡಿಗೆ ಅವಳು. ಅವನು ಹೇಳಿದ ಕಡೆ ಬೆರಳಿಟ್ಟಳು. ಮೇಲೆ ಸ್ಟೇರಿಂಗ್ ಅಲುಗಿದಾಗ ಬೆರಳ ಕೆಳಗೆ ಕಟಕ್ ಎಂದಿತು. ಮತ್ತೆ ಕಟಕ್. ಚಕ್ರವನ್ನು ತಿರುಗಿಸುವ ರಾಡು ಚಲಿಸಿದರೂ ಚಕ್ರ ಸುಮ್ಮನಿತ್ತು. ಕೀಲು ಪೂರ್ತಿ ಸವೆದಿತ್ತು. ಸವೆದದ್ದನ್ನು ಬಿಟ್ಟು ಉಸ್ತಾದರು ಇನ್ನೊಂದನ್ನು ಬಿಗಿದಿದ್ದರು. ಅದು ಅತಿಯಾಗಿ ಬಿಗಿಯಾದದ್ದಕ್ಕೇ ಸ್ಟೇರಿಂಗ್ ಸಿಕ್ಕಿಕೊಂಡು ವಾಪಸು ಬಂದಿರಲಿಲ್ಲ.

'ನನ್ನ ಕೈ ಅಲ್ಲ... ಕಸ್ತೂರಕ್ಕನ ಕೈಯೂ ಅಲ್ಲ!'

ಸಮಾಧಾನವಾಗಬೇಕಿತ್ತು. ಬಂದದ್ದು ಅಳು, ಅದರ ಹಿಂದೆಯೇ ಮೊದಲಿಗಿಂತ ದೊಡ್ಡ ಸಿಟ್ಟು.

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

ಉಸ್ತಾದರ ಕೆಲಸ ತಪ್ಪು ಅಂತ ಗಿರಾಕಿಗಳ ಮುಂದೆ ಶಿಷ್ಯ ಹೇಳುವ ಪದ್ಧತಿ ಆ ಗ್ಯಾರೇಜಿನಲ್ಲಿ ಇರಲಿಲ್ಲ. ಅವನಿಗೆ ಕೆಲಸ, ಊಟ, ನಿಲ್ಲಲು ಜಾಗ ಎಲ್ಲ ಕೊಟ್ಟವರು ಅವರು. ಶುಕ್ರವಾರ ಅವರು ನಮಾಜಿಗೆ ಹೋದಾಗ ಅವಳನ್ನು ಕರೆಸಿ ಸರಿಮಾಡೋಣ ಅಂತ ಕಾದಿದ್ದನಂತೆ.

"ಇವತ್ತು ಶುಕ್ರವಾರ. ನಾವು ಚಾನಲ್‌ಗೆ ಬೀಳ್ತಿದ್ದಿದ್ದು ಗುರುವಾರ," ಎಂದಳು ಸಂಧ್ಯಾರಾಣಿ.

ರುದ್ರಮುನಿ ಮತ್ತೆ ಗುಂಡಿಗಿಳಿದ. ಎರಡೂ ಕಡೆ ಹೊಸ ಕೀಲು ಹಾಕಿ, ಬಿಗಿದ ಬೋಲ್ಟನ್ನು ಹದಕ್ಕೆ ಸಡಿಲಿಸಿ, ಚಕ್ರದ ಅಲೈನ್‌ಮೆಂಟ್ ನೋಡಿದ. ಅಷ್ಟರಲ್ಲಿ ಉಸ್ತಾದರು ನಮಾಜು ಮುಗಿಸಿ ಬಂದು ಏನು ಕೆಲಸ ಎಂದು ಕೇಳಿದರು.

ಸಂಧ್ಯಾರಾಣಿ ಅವನ ಮುಖ ನೋಡಿದಳು. 'ಹೇಳು... ಈಗಲಾದರೂ ಹೇಳು.'

"ಸಣ್ಣ ಕೆಲಸ, ಉಸ್ತಾದ್," ಎಂದ ರುದ್ರಮುನಿ.

ಅವಳು ಕಾರು ಹತ್ತಿ ಹೋದಳು. ಎಂಥ ಹೇಡಿ ಇವನು! ಇಂಥವನಿಗಾಗಿ ಎರಡು ವರ್ಷ ಸುಮ್ಮಸುಮ್ಮನೆ ಆಯಿಲ್ ನೋಡಿಸುವ ನೆಪ ಮಾಡಿದ್ದಕ್ಕೆ ಅವಳಿಗೆ ತನ್ನ ಮೇಲೂ ರೇಗಿತು.

ಅವತ್ತೇ ಸಂಜೆ ಕಸ್ತೂರಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದಳು. ಕಸ್ತೂರಮ್ಮ ಕ್ಷಮಿಸಿದಳು, ಆದರೆ ಕಾರು ಹತ್ತಲು ಒಂದು ಷರತ್ತು ಹಾಕಿದಳು.

"ಆ ರಿಪೇರಿ ಹುಡುಗ ಹಿಂದಿನ ಸೀಟ್ನಾಗೆ ಕೂತ್ರೆ ಬರ್ತೀನಿ. ಗಾಡಿ ಬಿದ್ರೆ ಅವನೂ ಬೀಳ್ಲಿ."

ಹೀಗೆ ರುದ್ರಮುನಿ ದಿನಾ ಬೆಳಿಗ್ಗೆ ಹಿಂದಿನ ಸೀಟಿಗೆ ಬಂದ. ಒಂದು ತಿಂಗಳು! ಕತ್ತಲಗೆರೆವರೆಗೆ ಹೋಗಿ ಬರುವಷ್ಟೂ ಹೊತ್ತು ಸಂಧ್ಯಾರಾಣಿ ಅವನ ಜೊತೆ ಒಂದು ಮಾತಾಡಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕರೆ ಕನ್ನಡಿಯನ್ನೇ ತಿರುಗಿಸುತ್ತಿದ್ದಳು. ಮರುದಿನ ಅದು ಮತ್ತೆ ಹೇಗೋ ಅವನ ಕಡೆಗೇ ಇರುತ್ತಿತ್ತು. ತಿರುಗಿಸಿದವರು ಯಾರು ಅಂತ ಅವಳು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅದೇ ಚಾನಲ್ ತಿರುವಿನಲ್ಲಿ ಕಸ್ತೂರಮ್ಮ ಸ್ಟೇರಿಂಗ್ ತಿರುಗಿಸಿ ಕೈ ಸಡಿಲಿಸಿದಳು. ಅದು ಮೆತ್ತಗೆ ಜಾರಿ ತನ್ನ ಜಾಗಕ್ಕೆ ಬಂತು. ಕಸ್ತೂರಮ್ಮ ಕೇಕೆ ಹಾಕಿ ನಕ್ಕಳು. ಸಂಧ್ಯಾರಾಣಿಗೆ ಕಣ್ಣು ತುಂಬಿತು.

ಕಸ್ತೂರಮ್ಮ ಸಂತೆ ಬೀದಿಯಲ್ಲಿ ಇಳಿದಳು. ಸಂಧ್ಯಾರಾಣಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಾಗ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

"ಮೇಡಂ... ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ಎರಡು ವರ್ಷದಿಂದ."

ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡಿದಳು. ಆದರೂ ಅವಳು ತಿರುಗಲಿಲ್ಲ.

"ಪಿಸುಪಿಸು ಮಾತು ನಂಗೆ ಬ್ಯಾಡ. ಆವತ್ತು ಎಲ್ಲಿ ಸುಮ್ಮನೆ ನಿಂತಿದ್ರೋ, ಅಲ್ಲಿ ಹೋಗಿ ಮಾತಾಡ್ರಿ. ಉಸ್ತಾದರ ಎದುರಿಗೆ ಹೇಳ್ರಿ."

ರುದ್ರಮುನಿ ಇಳಿದು ಒಳಗೆ ನಡೆದ. ಬೆಂಚಿನ ತುಂಬ ಗಿರಾಕಿಗಳಿದ್ದರು.

"ಉಸ್ತಾದ್, ಆವತ್ತು ಮೇಡಂ ಕೈ ಸರಿ ಇತ್ತು. ಕೀಲು ಸವೆದಿತ್ತು, ನಾವು ಬ್ಯಾರೆ ಕಡೆ ಬಿಗಿದ್ವಿ. ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅವರನ್ನ ಊರೆಲ್ಲ ಆಡ್ಕೊಳ್ತು."

ಬೆಂಚಿನವರೆಲ್ಲ ತಿರುಗಿ ನೋಡಿದರು. ಜಹಾಂಗೀರ್ ಸಾಬರು ಕನ್ನಡಕ ತೆಗೆದು ಶಿಷ್ಯನನ್ನೇ ನೋಡಿದರು. ಎದ್ದರು. ನಿಧಾನವಾಗಿ ಕಾರಿನ ಹತ್ತಿರ ಬಂದು ನಿಂತರು.

"ಹಳೇದಾಗಿದ್ದು ನನ್ನ ಕಣ್ಣು, ಅಮ್ಮಾ. ನಿನ್ನ ಕೈ ಅಲ್ಲ," ಎಂದರು, ಬೆಂಚಿನವರಿಗೆಲ್ಲ ಕೇಳಿಸುವಂತೆ. ಆಮೇಲೆ ರುದ್ರಮುನಿ ಕಡೆ ತಿರುಗಿದರು. "ಇನ್ನೇನಾದ್ರೂ ಉಳಿದೈತಾ ಬೇಟಾ?"

"ಇವರನ್ನ ಮದುವೆ ಆಗಬೇಕು ಅಂತ ಆಸೆ ಐತೆ, ಉಸ್ತಾದ್. ಅವರು ಒಪ್ಪಿದ್ರೆ."

ಉಸ್ತಾದರು ಅದಕ್ಕೆ ನಕ್ಕು, ಅದನ್ನು ತನಗಲ್ಲ, ಅವಳಿಗೆ ಹೇಳು ಅಂದು ಒಳಗೆ ಹೋದರು.

ರುದ್ರಮುನಿ ಕಾರಿನ ಕಿಟಕಿಗೆ ಬಗ್ಗಿದ.

"ಸಿಟ್ಟು ಇನ್ನೂ ಐತೇನ್ರಿ?"

"ಐತೆ," ಎಂದಳು ಸಂಧ್ಯಾರಾಣಿ, ಕಣ್ಣೊರೆಸಿಕೊಂಡು. ಪಕ್ಕಕ್ಕೆ ಕೈಚಾಚಿ ಖಾಲಿ ಸೀಟಿನ ಬಾಗಿಲು ತೆರೆದಳು.

"ಹಿಂದೆ ಕೂತಿದ್ದು ಸಾಕು. ಮುಂದೆ ಬರ್ರಿ."