ಆನೆಯೆದುರು ಕೈ ಹಿಡಿದವನು

“ನನ್ನ ಕೈ ಹಿಡಿದು ಎಳೆಯೋಕೆ ನೀನ್ಯಾರೋ?”

ಜೆಲಿಪಾ ತಲೆಯ ಮೇಲಿನ ಟೋಪಿ ಕಿತ್ತು ನೆಲಕ್ಕೆ ಬಿಸಾಡಿದಳು. ಅಡುಗೆ ಡೇರೆಯ ಹಿಂದೆ, ಅತಿಥಿಗಳ ಕಣ್ಣಿಗೆ ಬೀಳದ ಹುಣಸೆ ಮರದ ಕೆಳಗೆ, ಕಸೋಂಡೆ ಬಂದೂಕು ಹೆಗಲಿಗೇರಿಸಿ ಕಂಬದಂತೆ ನಿಂತಿದ್ದ.

“ಹೇಳೋ! ಬಾಯಲ್ಲಿ ಮಣ್ಣು ತುಂಬ್ಕೊಂಡಿದ್ಯಾ?”

“ತಪ್ಪಾಯ್ತು, ಮೇಡಂ.”

“ಇನ್ನೊಂದ್ಸಲ ಮೇಡಂ ಅಂದ್ರೆ ಹಲ್ಲು ಉದುರಿಸ್ತೀನಿ ನೋಡು!”

ಅವನು ನೆಲ ನೋಡಿದ. ಅವಳ ಮಣಿಕಟ್ಟಿನ ಮೇಲೆ ಅವನ ಬೆರಳುಗಳ ಗುರುತು ಇನ್ನೂ ಕೆಂಪಗೆ ಉಳಿದಿತ್ತು.

ನಡೆದದ್ದು ಇಷ್ಟು. ಬೆಳಗ್ಗೆ ಕಾಡು ನೋಡಲು ಕ್ಯಾಂಪಿಗೆ ಬಂದಿದ್ದ ಅತಿಥಿಗಳನ್ನು ಕರೆದುಕೊಂಡು ನದಿಯಂಚಿನ ಹುಲ್ಲಿನಲ್ಲಿ ನಡೆಯುವಾಗ, ಮರಿಯಿದ್ದ ಹೆಣ್ಣಾನೆಯೊಂದು ಪೊದೆ ಮುರಿದುಕೊಂಡು ನುಗ್ಗಿ ಬಂತು. ಲುವಾಂಗ್ವಾ ಕಣಿವೆಯಲ್ಲಿ ಕಾಲ್ನಡಿಗೆಗೆ ಹೋಗುವವರ ಸಾಲಿಗೆ ಒಂದು ಕಟ್ಟಳೆಯಿದೆ. ಮುಂದೆ ಬಂದೂಕಿನವನು, ಅವನ ಹಿಂದೆ ಗೈಡು, ಆಮೇಲೆ ಅತಿಥಿಗಳು. ಪ್ರಾಣಿ ಬಂದರೆ ಗೈಡಿನ ಮಾತೇ ಕೊನೆ. ಯಾರೂ ಓಡಬಾರದು. ಆಕಾಶವೇ ಕಳಚಿ ಬಿದ್ದರೂ ಬಂದೂಕು ಸಾಲಿನ ಮುಂದಿನಿಂದ ಕದಲಬಾರದು.

ಗೈಡು ಜೆಲಿಪಾ, “ನಿಲ್ಲಿ!” ಎಂದಳು. ಎಲ್ಲರೂ ನಿಂತರು.

ನಿಲ್ಲದವನು ಒಬ್ಬನೇ. ಬಂದೂಕಿನವನು!

ಅವನು ತಿರುಗಿ, ಅವಳ ಕೈ ಹಿಡಿದು, ದಪ್ಪ ಮರವೊಂದರ ಹಿಂದಕ್ಕೆ ಎಳೆದುಕೊಂಡು ಹೋದ. ಅತಿಥಿಗಳು ಬಯಲಲ್ಲಿ ಆನೆಯೆದುರು ಅನಾಥರಂತೆ ನಿಂತಿದ್ದರು. ಅವಳು ಕೊಸರಿಕೊಂಡು ಈಚೆ ಹಾರಿ, ಗಂಟಲು ಹರಿಯುವಂತೆ ಕೂಗಿ ಚಪ್ಪಾಳೆ ತಟ್ಟಿದ್ದರಿಂದ ಆನೆ ಧೂಳೆರಚಿ ಹಿಂದಿರುಗಿತು. ಇಲ್ಲದಿದ್ದರೆ?

ಅತಿಥಿಗಳಿಗೆ ಏನೂ ತಿಳಿಯಲಿಲ್ಲ. ಆನೆಯ ಮೇಲೆ ನೆಟ್ಟ ಕಣ್ಣು ಅವರು ಆಚೀಚೆ ಮಾಡಿರಲಿಲ್ಲ. ಈಗ ಡೇರೆಗಳ ಮುಂದೆ ಕುಳಿತು, ಎಂಥ ಅದೃಷ್ಟ ನಮ್ಮದು ಎಂದು ನಗುತ್ತಿದ್ದರು. ಆ ನಗು ಕೇಳಿದಷ್ಟೂ ಜೆಲಿಪಾಳ ಮೈ ಉರಿಯುತ್ತಿತ್ತು.

“ಆ ಬೆಳ್ಳಿ ಕೂದಲಿನ ಅಜ್ಜಿಗೆ ಮಂಡಿ ನೋವು. ಅವಳು ನನ್ನ ನಂಬಿ ನಿಂತಿದ್ಲು. ನಾನು ನಿನ್ನ ನಂಬಿದ್ದೆ. ನೀನು...! ನಾನೇನು ಮಗುನಾ? ಹೆಂಗಸು ಅಂತ ತಾನೇ? ಗಂಡಸು ಗೈಡಾಗಿದ್ರೆ ಅವನ ಕೈ ಹಿಡಿದು ಎಳೀತಿದ್ಯಾ?”

“ಇಲ್ಲ.”

“ನೋಡಿದ್ಯಾ! ಬಾಯಿಬಿಟ್ಟೇ ಹೇಳ್ತೀಯ!”

ಇದಕ್ಕೇ ತಾನೇ ಈ ವರ್ಷ ಇವನು ಮುಖ ಗಂಟಿಕ್ಕಿಕೊಂಡು ಬಂದಿರುವುದು... ಹೆಂಗಸಿನ ಮಾತು ಕೇಳಿ ನಡೆಯುವುದು ಅವಮಾನ ಅಂತ... ಅವಳ ಎದೆಯೊಳಗೆ ಮಳೆಗಾಲ ಕಳೆದಾಗಿನಿಂದ ಕೊರೆಯುತ್ತಿದ್ದ ಮುಳ್ಳು ಅದು.

ಮೊದಲು ಇವನು ಹೀಗಿರಲಿಲ್ಲ. ಅವಳು ಅಂಗೋನಿ, ಅವನು ಬೆಂಬಾ. ಮುತ್ತಜ್ಜಂದಿರ ಕಾಲದಲ್ಲಿ ಎರಡೂ ಕುಲದವರು ಈಟಿ ಹಿಡಿದು ಒಬ್ಬರನ್ನೊಬ್ಬರು ಕೊಂದವರು. ಆಮೇಲೆ ಈಟಿ ಇಳಿಸಿ ನಾಲಿಗೆ ಎತ್ತಿಕೊಂಡರು. ಅಂದಿನಿಂದ ಇದು ಬೈಗುಳದ ನೆಂಟಸ್ತನ. ಎದುರು ಸಿಕ್ಕರೆ ಬಯ್ಯಲೇಬೇಕು. ಹೆಣದ ಮುಂದೆಯೂ ಗೇಲಿ ಮಾಡಬಹುದು. ಬೈಸಿಕೊಂಡವನು ನಗಬೇಕೇ ಹೊರತು ಕೋಪಿಸಿಕೊಳ್ಳುವಂತಿಲ್ಲ. ಕೋಪಿಸಿಕೊಂಡವನಿಗೆ ಊರಲ್ಲಿ ಮಾನವಿಲ್ಲ.

“ಇಲಿ ತಿನ್ನೋಳೇ, ಎದ್ಯಾ?” ಎಂದೇ ಅವನು ಅವಳ ಡೇರೆಯ ಮುಂದೆ ಬೆಳಗು ಮಾಡುತ್ತಿದ್ದ.

“ಕೋತಿ ತಿನ್ನೋನೇ, ನಿನ್ನ ಅಜ್ಜ ನಮ್ಮಜ್ಜನ ದನ ಕದ್ದು ಓಡಿದ ಕಾಲಲ್ಲೇ ನೀನೂ ನಡೀತೀಯಲ್ಲೋ!” ಎಂದು ಅವಳು ಡೇರೆಯೊಳಗಿಂದಲೇ ತಿರುಗಿಸುತ್ತಿದ್ದಳು.

ಈ ವರ್ಷ ಕ್ಯಾಂಪ್ ತೆರೆದ ದಿನ ಅವಳು ಹೊಸ ಬೈಗುಳವೊಂದನ್ನು ಮಳೆಗಾಲವೆಲ್ಲ ಮಸೆದು ತಂದಿದ್ದಳು. ಅವನು ಅದನ್ನು ಕೇಳಿ, “ಶುಭೋದಯ, ಮೇಡಂ,” ಎಂದ.

ಅಷ್ಟೇ! ಅಂದಿನಿಂದ ಒಂದೂ ಬೈಗುಳವಿಲ್ಲ. ಅವಳು ಚುಚ್ಚಿದಳು, ಕೆಣಕಿದಳು, ಅವನ ಬೂಟಿನೊಳಗೆ ಹಸಿ ಮೀನು ಹಾಕಿದಳು. ಅವನು ಮೀನು ತೆಗೆದು, ಬೂಟು ತೊಳೆದು, ಸುಮ್ಮನೆ ಮುಂದೆ ನಡೆದ.

“ಕೇಳಿಸ್ಕೋ,” ಜೆಲಿಪಾ ಬೆರಳು ಎತ್ತಿದಳು. “ನನ್ನ ಕೆಳಗೆ ಕೆಲಸ ಮಾಡೋಕೆ ಅಷ್ಟು ಕಷ್ಟ ಆದ್ರೆ ಮೊದಲೇ ಬೊಗಳಬೇಕಿತ್ತು. ಇಡೀ ಸೀಸನ್ ಸತ್ತ ಮುಖ ಹೊತ್ಕೊಂಡು ತಿರುಗಿದ್ದೂ ಅಲ್ಲದೆ, ಇವತ್ತು ಕೈ ಬೇರೆ ಎಳೀತೀಯಾ?”

“ಕೆಳಗೆ ಕೆಲಸ ಮಾಡೋಕಾ?” ಕಸೋಂಡೆ ತಲೆಯೆತ್ತಿದ. ಅವನ ಕಣ್ಣು ಆಗ ಕೆಂಪಾಯಿತು. “ನಿನ್ನ ಮಾತಿಗೆ ನಾನು ಬೆಂಕಿಗೂ ನಡೀತಿದ್ದೆ, ಜೆಲಿಪಾ. ಇಲಿ ಕಳಿಸಿದ್ದು ಯಾರು?”

“ಯಾವ ಇಲಿ?”

“ಯಾವ ಇಲಿ! ಮಳೆಗಾಲದಲ್ಲಿ ನಾನು ತಟ್ಟೆ ಕಳಿಸಿದೆ. ಮೇಲೊಂದು ತಟ್ಟೆ ಮುಚ್ಚಿ, ಒಳಗೆ ಬಿಳಿ ಮಣಿ ಇಟ್ಟು, ಹಿರಿಯರ ಕೈಲಿ, ನಿಮ್ಮಮ್ಮನ ಮನೆಗೆ. ಹೆಣ್ಣು ಕೇಳೋದು ಹೇಗೆ ಅಂತ ನಂಗೂ ಗೊತ್ತು! ಅದೇ ತಟ್ಟೇಲಿ ಕಡ್ಡಿಗೆ ಚುಚ್ಚಿದ ಒಣ ಇಲಿ ವಾಪಸ್ ಬಂತು!”

ಜೆಲಿಪಾಳ ಬೆರಳು ಗಾಳಿಯಲ್ಲೇ ನಿಂತಿತು.

“ಅದು... ಅದು ತಮಾಷೆ ಅಲ್ವಾ?”

“ತಮಾಷೆ! ತಂದವರನ್ನೇ ಕೇಳು.”

ಅಡುಗೆ ಡೇರೆಯ ಬಟ್ಟೆ ಸರಿಯಿತು. ಸೌಟು ಹಿಡಿದೇ ಹಿರಿಯ ಬಾಣಸಿಗ ಬಾ ಫಿರಿ ಹೊರಬಂದರು. ಅವರು ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ಏನೋ!

“ನನ್ನ ಕಡೆ ಏನು ಕಣ್ಣು ಬಿಡ್ತೀಯ, ಹುಡುಗಿ? ನಾನು ಚಾಪೆ ಮೇಲೆ ಕೂತು, ಗಂಟಲು ಸರಿಮಾಡ್ಕೊಂಡು, ‘ಬೆಂಬಾ ಹುಡುಗ ಕಸೋಂಡೆ ಕಳಿಸಿದ್ದಾನೆ’ ಅಂದೆ. ಅಷ್ಟಕ್ಕೇ ನಿನ್ನ ಚಿಕ್ಕಮ್ಮಂದಿರು ಹೊಟ್ಟೆ ಹಿಡ್ಕೊಂಡು ಉರುಳಾಡಿದ್ರು. ಇದು ನಿಜ ಕಣ್ರಮ್ಮಾ ಅಂತ ಹೇಳೋಕೆ ಬಾಯಿ ತೆಗೆದ್ರೆ ಬಾಯಿಗೆ ಕಡಲೆಕಾಯಿ ತುರುಕಿದ್ರು!”

“ನೀವು ಆಮೇಲಾದ್ರೂ ಹೇಳಬಾರ್ದಿತ್ತಾ, ಬಾ ಫಿರಿ?”

“ಆಮೇಲೆ ಯಾಕೆ ಹೇಳ್ಲಿ? ನೀನೇ ಒಳಗಿಂದ ಇಲಿ ತಂದು ತಟ್ಟೇಲಿಟ್ಟೆ. ಹೆಣ್ಣಿನ ಉತ್ತರ ಬಂದ ಮೇಲೆ ಮಧ್ಯಸ್ಥನಿಗೆ ಮಾತಿಲ್ಲ. ಅದು ಕಟ್ಟಳೆ.” ಮುದುಕರು ಇಬ್ಬರನ್ನೂ ಒಮ್ಮೆ ನೋಡಿದರು. “ಥೂ! ನಿಮ್ಮ ತಲೆ ಮೇಲೆ ಈ ಸೌಟಿಂದ ಬಾರಿಸಬೇಕು,” ಎಂದು ಒಳಗೆ ಹೋದರು.

ಜೆಲಿಪಾ ಎತ್ತಿದ್ದ ಬೆರಳು ಇಳಿಸಿದಳು. ಹೌದು... ಅವಳೇ ಇಟ್ಟದ್ದು. ಇದ್ದುದರಲ್ಲಿ ಒಳ್ಳೆಯ ಇಲಿಯನ್ನೇ ಆರಿಸಿ, ಉಪ್ಪು ಹಚ್ಚಿ, ನಗುನಗುತ್ತ ಇಟ್ಟಿದ್ದಳು. ಆ ಇರುಳು ನಗು ಅಡಗಿದ ಮೇಲೆ, ಇದು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದಿಂಬಿಗೆ ಮುಖ ಒತ್ತಿ ಮಲಗಿದ್ದೂ ಅವಳೇ!

“ನೀನು ಬಂದು ಕೇಳಬಾರ್ದಿತ್ತಾ?” ಅವಳ ದನಿ ನಡುಗಿತು. ನಡುಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. “ಬಂದು ಬಯ್ಯಬಾರ್ದಿತ್ತಾ, ಹೇಡಿ!”

“ಕೋಪ ಮಾಡ್ಕೊಳ್ಳೋ ಹಕ್ಕು ಎಲ್ಲಿತ್ತು ನಂಗೆ? ಬೆಂಬಾ ಆಗಿ ಹುಟ್ಟಿದ್ದೀನಲ್ಲ! ನಮ್ಮ ಓಣಿ ಪೂರ್ತಿ ಸುತ್ತ ನಿಂತಿತ್ತು. ಇಲಿ ಕಂಡು ಎಲ್ಲರೂ ನಕ್ರು. ನಾನೂ ನಕ್ಕೆ. ತಿನ್ನು ಅಂದ್ರು. ತಿಂದೆ, ಜೆಲಿಪಾ! ನಗ್ತಾ ನಗ್ತಾ ಬಾಲದ ಸಮೇತ ತಿಂದೆ!”

ಅವಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದು ಕೆನ್ನೆ ಒದ್ದೆಯಾಯಿತು.

“ಆಮೇಲೆ ನಿನ್ನ ಬಯ್ಯೋಕೆ ನಾಲಿಗೆ ಏಳಲಿಲ್ಲ,” ಎಂದ ಅವನು. “ಬಯ್ದಾಗಲೆಲ್ಲ ಅದು ತಮಾಷೆ ಅಂತ ನೀನು ನಗ್ತಿದ್ದೆ. ನಂಗೆ ತಮಾಷೆ ಸಾಕಾಗಿತ್ತು.”

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕೆನ್ನೆ ಒರೆಸಿಕೊಂಡಳು.

“ನೋಡು. ಈಗ ನಾನು ಅಂಗೋನಿ ಅಲ್ಲ, ನೀನು ಬೆಂಬಾ ಅಲ್ಲ. ಬೈಗುಳ ಇಲ್ಲ, ನಗು ಇಲ್ಲ. ನಂಗೆ ನೀನು ಬೇಕು, ಕಸೋಂಡೆ. ಮೊದಲಿಂದಲೂ ಬೇಕಿತ್ತು. ಸಾಕಾ?”

ಅವನು ನಿಧಾನವಾಗಿ ಅವಳ ಕೈ ತೆಗೆದುಕೊಂಡು, ತನ್ನ ಬೆರಳುಗಳ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ.

“ನೋವಾಯ್ತಾ?”

“ಆಗದೇ ಏನು! ಎತ್ತಿನ ಹಿಡಿತ ನಿಂದು.”

ಅತ್ತ ಡೇರೆಗಳ ಕಡೆಯಿಂದ ಅತಿಥಿಗಳ ನಗು ತೇಲಿಬಂತು. ಬೆಳ್ಳಿ ಕೂದಲಿನ ಅಜ್ಜಿ ಸೊಂಡಿಲು ಎತ್ತಿದ ಆನೆಯಂತೆ ಕೈ ಎತ್ತಿ ತೋರಿಸುತ್ತಿದ್ದರು. ಜೆಲಿಪಾ ಅವರನ್ನೇ ನೋಡಿದಳು. ನೋಡುತ್ತ ನೋಡುತ್ತ ಕೈ ಬಿಡಿಸಿಕೊಂಡಳು.

ಯಾರಿಗೂ ಗೊತ್ತಿಲ್ಲ... ತುಟಿ ಹೊಲಿದುಕೊಂಡರೆ ಸಾಕು. ನಾಳೆಯೂ ಇವನೇ ಮುಂದೆ, ನಾನೇ ಹಿಂದೆ. ಬೆಳಗ್ಗೆ ಬೈಗುಳ, ಸಂಜೆ ಒಲೆಯ ಮುಂದೆ ಇಬ್ಬರೂ...

“ಕಸೋಂಡೆ, ನಾಳೆ ಅದೇ ಆನೆ ಬಂದ್ರೆ?”

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ನಿನ್ನನ್ನೇ ಎಳೀತೀನಿ.”

“ಅವರನ್ನ ಬಿಟ್ಟು?”

“ಬಿಟ್ಟು. ಇವತ್ತು ಯೋಚನೆ ಮಾಡಿ ಮಾಡಿದ್ದಲ್ಲ. ಕಾಲು ತಾನಾಗೇ ತಿರುಗ್ತು. ನಾಳೆನೂ ತಿರುಗುತ್ತೆ.”

“ಹಾಗಾದ್ರೆ ನಿನ್ನ ಬಂದೂಕಿನ ಹಿಂದೆ ನಾನು ನಡೆಯಲ್ಲ!” ಅವಳು ಹಲ್ಲು ಕಚ್ಚಿ ಹೇಳಿದಳು. “ನನ್ನ ಪ್ರೀತಿಗೆ ಆ ಅಜ್ಜಿ ಯಾಕೆ ಸಾಯಬೇಕು? ಇದನ್ನ ನಾನು ಮುಚ್ಚಿಡಲ್ಲ. ನೀನು ನನ್ನ ಗಂಡ ಆದ್ರೂ ಮುಚ್ಚಿಡಲ್ಲ!”

“ಗೊತ್ತು.” ಅವನ ಮುಖದಲ್ಲಿ ಮೊದಲ ಸಲ ಸಣ್ಣ ನಗು ಕಂಡಿತು. “ನೀನು ಬಾಯಿ ತೆಗೆಯೋದು ಬೇಡ. ನಾನೇ ಅರಣ್ಯ ಠಾಣೆಗೆ ನಡೆದು ಬಂದೂಕು ಒಪ್ಪಿಸ್ತೀನಿ. ಸಾಲು ಬಿಟ್ಟೆ ಅಂತ ನನ್ನ ಬಾಯಲ್ಲೇ ಹೇಳ್ತೀನಿ. ಇನ್ನು ಮೇಲೆ ಯಾವ ಸಾಲಿನ ಮುಂದೂ ನನ್ನನ್ನ ನಿಲ್ಲಿಸಲ್ಲ.”

“ಕೆಲಸ ಹೋಗುತ್ತೆ ಕಣೋ...”

“ಹೋಗ್ಲಿ. ನಮ್ಮೂರಲ್ಲಿ ಕೆರೆ ಇದೆ, ದೋಣಿ ಇದೆ. ಮೀನಿಗೆ ಗೈಡು ಬೇಕಿಲ್ಲ.” ಅವನು ಬಂದೂಕಿನ ಪಟ್ಟಿ ಬಿಗಿದುಕೊಂಡ. “ಮಳೆ ಬಿದ್ದು ಕ್ಯಾಂಪ್ ಮುಚ್ಚಿದ ಮೇಲೆ ಬರ್ತೀಯಾ?”

“ಬರ್ತೀನಿ. ಈ ಸಲ ನಮ್ಮ ಕಡೆಯವರನ್ನ ಕಟ್ಕೊಂಡೇ ಬರ್ತೀನಿ. ಯಾರಾದ್ರೂ ನಕ್ರೆ ಅವರ ಹಲ್ಲು ಅಂಗಳದಲ್ಲಿರುತ್ತೆ.”

ಅವನು ಡೇರೆಗೆ ಹೋಗಿ ಕಂಬಳಿ ಸುತ್ತಿಕೊಂಡು ಬಂದ. ಇನ್ನೇನು ಹೊರಡಬೇಕು. ಅವಳಿಗೆ ಇರು ಎಂದು ಅರಚಬೇಕೆನಿಸಿತು. ಒಂದೇ ಒಂದು ಮಾತು! ಅದನ್ನು ನುಂಗಿ, ಬೇರೆಯದನ್ನು ಸಿಡುಕಿದಳು.

“ದಾರಿಗೆ ನ್ಶಿಮಾ ಮುದ್ದೆ ಕಟ್ಟಿಕೊಡ್ಲಾ?”

“ಬೇಡ. ತಣ್ಣಗಾದ ಮುದ್ದೆ ಗಂಟಲಲ್ಲಿ ಇಳಿಯಲ್ಲ.”

“ಹಾಗಾದ್ರೆ ಹಸ್ಕೊಂಡು ಸಾಯಿ!”

“ಆಗ್ಲಿ, ಜೆಲಿಪಾ,” ಎಂದ ಅವನು, ಎಷ್ಟು ಮೆತ್ತಗೆ ಎಂದರೆ ಅವಳು ಮುಖ ತಿರುಗಿಸಬೇಕಾಯಿತು.

ಅವಳು ಮತ್ತೆ ತಿರುಗುವಷ್ಟರಲ್ಲಿ ಅವನು ದಂಡೆ ಇಳಿದು ಒಣ ಹಳ್ಳದ ಮರಳಿಗೆ ಕಾಲಿಟ್ಟಿದ್ದ. ಬಿಸಿಲಲ್ಲಿ ಅವನ ಬೆನ್ನು ಚಿಕ್ಕದಾಗುತ್ತ ಹೋಯಿತು. ಆಚೆ ದಂಡೆ ಹತ್ತಿ, ಹುಲ್ಲು ಸರಿಸಿ, ಒಳಹೊಕ್ಕ. ಹುಲ್ಲು ಮುಚ್ಚಿಕೊಂಡಿತು.

ಬಂದೂಕು ಒಪ್ಪಿಸಿದ ಮೇಲೆ ಆ ಕ್ಯಾಂಪಿಗೆ ಅವನು ಮತ್ತೆಂದೂ ಬರಲಿಲ್ಲ.